ಗಾಡಿ ಮಾತು: ಎಲ್ಲಾ ಕಾಲಕ್ಕೂ ಒಂದೇ ಟೈರ್ ಸಿಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೈರಿನವೇ. ಬ್ಯಾಟರಿ, ಕ್ಲಚ್ಚು ಎಂದು ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಫೋರ್ ಬೈ ಫೋರ್ ಡಬಲ್ ಕ್ಯಾಬ್ ಪಿಕಪ್. ವಾರದ ದಿನಗಳಲ್ಲಿ ನಾಗರಬಾವಿಯಿಂದ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ತಿಂಗಳಿಗೆ ಎರಡು ಸಲ ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟಕ್ಕೆ ಹೋಗುತ್ತೇನೆ, ಕೊನೆಯ ನಾಲ್ಕು ಕಿಲೋಮೀಟರ್ ಕೆಮ್ಮಣ್ಣಿನ ದಾರಿ. ಬರುವ ಜನವರಿಯಲ್ಲಿ ಗೆಳೆಯರ ಜೊತೆ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಸಿಸ್ಸುವರೆಗೆ ಹೋಗಿ ಬರುವ ಆಸೆ. ಟೈರ್ ಅಳತೆ 245/70 ಆರ್16, ನಾಲ್ಕೂ ಸವೆದಿವೆ. ‘ಆಲ್ ಸೀಸನ್ ಹಾಕಿಸಿ ಸಾರ್, ಒಂದರಲ್ಲೇ ಎಲ್ಲಾ ಆಗುತ್ತೆ’ ಅನ್ನುತ್ತಾರೆ ಅಂಗಡಿಯವರು. ಗೆಳೆಯ ಮಾತ್ರ ಎಂಟಿ (ಕೆಸರಿಗೆಂದೇ ಮಾಡಿದ ಟೈರ್) ಬಿಟ್ಟು ಬೇರೆ ಹಾಕಿಸಿದರೆ ಫೋರ್ ಬೈ ಫೋರ್‌ಗೇ ಅವಮಾನ ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರು, ನಾಗರಬಾವಿ

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದು ಲೆಕ್ಕ ಹಾಕೋಣ. ಆಫೀಸಿಗೆ ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್. ತೋಟಕ್ಕೆ ಎರಡು ಸಲ ಹೋಗಿ ಬಂದರೆ ಇನ್ನೊಂದು ಎಂಟುನೂರು, ಒಂಬೈನೂರು. ಅದರಲ್ಲಿ ಕೆಸರಿನ ದಾರಿ ಎಷ್ಟು? ನಾಲ್ಕು ಹೋಗುವಾಗ, ನಾಲ್ಕು ಬರುವಾಗ, ಎರಡು ಸಲಕ್ಕೆ 16 ಕಿಲೋಮೀಟರ್. ಹಿಮದ ಮೇಲೆ ಓಡುವುದು ವರ್ಷಕ್ಕೊಮ್ಮೆ, ಅದೂ ಕೆಲವೇ ಕಿಲೋಮೀಟರ್. ಅಂದರೆ ನಿಮ್ಮ ಗಾಡಿ ನೂರಕ್ಕೆ 99 ಪಾಲು ಟಾರು, ಕಾಂಕ್ರೀಟಿನ ಮೇಲೆ ಓಡುವ ಗಾಡಿ. ಟೈರ್ ಆರಿಸುವಾಗ ಈ 99 ಪಾಲನ್ನು ಮರೆತು ಉಳಿದ ಒಂದು ಪಾಲಿನ ಕನಸಿಗೆ ದುಡ್ಡು ಹಾಕುವವರೇ ಜಾಸ್ತಿ. ನಾನೂ ಹಾಕಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ‘ಆಲ್ ಸೀಸನ್’ ಅನ್ನುವ ಮಾತು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಎಷ್ಟೋ ಜನ ವರ್ಷಕ್ಕೆ ಎರಡು ಸಲ ಟೈರ್ ಬದಲಾಯಿಸುತ್ತಾರೆ, ಬೇಸಿಗೆಗೆ ಒಂದು ಸೆಟ್, ಚಳಿಗೆ ಒಂದು ಸೆಟ್. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಚಳಿಗಾಲದ ಟೈರಿನದು ಮೆತ್ತಗೇ ಇರುತ್ತದೆ. ಎರಡು ಸೆಟ್ ಇಟ್ಟುಕೊಳ್ಳುವ ಗೋಳು ಬೇಡ ಅನ್ನುವವರಿಗೆ ಮಾಡಿದ ನಡುದಾರಿ ಈ ಆಲ್ ಸೀಸನ್. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ 7 ಡಿಗ್ರಿಯ ಗೆರೆಯನ್ನು ನಮ್ಮೂರು ಇನ್ನೂ ದಾಟಿಲ್ಲ! ನಮ್ಮ ಎಲ್ಲಾ ಕಾಲ ಅಂದರೆ ಮಳೆ ಮತ್ತು ಬಿಸಿಲು, ಅಷ್ಟೇ. ಹಾಗಾಗಿ ನಮಗೆ ನೋಡಬೇಕಾದದ್ದು ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುತ್ತದಾ, ಮಧ್ಯಾಹ್ನದ ಕಾದ ಹೈವೇಯಲ್ಲಿ ಲೋಡ್ ಹೊತ್ತು ತಡೆಯುತ್ತದಾ ಅನ್ನುವುದು.

ಈಗ ಮೂರು ಜಾತಿ. ಎಚ್‌ಟಿ ಅಂದರೆ ಹೈವೇ ಟೆರೇನ್: ಸದ್ದು ಕಮ್ಮಿ, ಮೈಲೇಜ್ ಚೆನ್ನಾಗಿದೆ, ಒದ್ದೆ ಟಾರಿನಲ್ಲಿ ಹಿಡಿತವಿದೆ, ಕೆಸರಲ್ಲಿ ಮಾತ್ರ ಗಾಡಿ ಮಗುವಿನ ಹಾಗೆ ಕೂತುಬಿಡುತ್ತದೆ. ಎಂಟಿ ಅಂದರೆ ಮಡ್ ಟೆರೇನ್: ಮೈಮೇಲೆ ದಪ್ಪ ದಪ್ಪ ರಬ್ಬರ್ ಬಟನ್, ಅವುಗಳ ನಡುವೆ ಅಗಲವಾದ ಸಂದು. ಚಕ್ರ ತಿರುಗುವಾಗ ಸಂದಿನ ಕೆಸರು ತಾನಾಗೇ ಎರಚಿ ಹೋಗುತ್ತದೆ, ಅದಕ್ಕೇ ಕೆಸರಿಗೆ ಅದೇ ರಾಜ. ಆದರೆ ಟಾರಿನ ಮೇಲೆ ಆ ಬಟನ್‌ಗಳಷ್ಟೇ ನೆಲಕ್ಕೆ ತಾಗುತ್ತವೆ, ಅವುಗಳ ಮೇಲೆ ಸಣ್ಣ ಸೀಳುಗಳೂ ಕಮ್ಮಿ. ಒದ್ದೆ ರಸ್ತೆಯಲ್ಲೂ ಮಂಜುಗಡ್ಡೆಯ ಮೇಲೂ ನೆಲವನ್ನು ಕಚ್ಚುವುದು ಆ ಸಣ್ಣ ಸೀಳುಗಳೇ. ಹೀಗಾಗಿ ನೋಡಲು ಗಂಡುಭೀರಿಯಂತಿರುವ ಎಂಟಿ, ಗಟ್ಟಿ ಮಂಜುಗಡ್ಡೆಯ ಮೇಲೆ ಮೂರನೇ ಜಾತಿಯಾದ ಒಳ್ಳೆಯ ಎಟಿಗಿಂತ (ಆಲ್ ಟೆರೇನ್) ಕಡೆ. ನಿಮ್ಮ ಗೆಳೆಯರಿಗೆ ಇದನ್ನು ಮೆಲ್ಲಗೆ ಹೇಳಿ.

ನಾನು ಹಿಂದೊಮ್ಮೆ ಇಂಥದೇ ಗೆಳೆಯನ ಮಾತು ಕೇಳಿ ಎಂಟಿ ಹಾಕಿಸಿದ್ದೆ. ಕುಣಿಗಲ್ ದಾಟುವುದರೊಳಗೆ ಹಿಂದೆ ಕೂತಿದ್ದ ಅಮ್ಮ ‘ಇದೇನೋ, ಹಿಟ್ಟಿನ ಗಿರಣಿ ಒಳಗೆ ಕೂತ ಹಾಗಿದೆ’ ಅಂದರು. ಸದ್ದು ಹೋಗಲಿ. ವಾಪಸ್ ಬರುವಾಗ ಸಕಲೇಶಪುರದ ಬಳಿಯ ದೋಣಿಗಾಲ್ ಹತ್ತಿರ ಸಣ್ಣ ಮಳೆ ಬಂದು ರಸ್ತೆ ಬರೀ ಒದ್ದೆಯಾಗಿತ್ತು, ಮುಂದಿನ ಬಸ್ಸು ನಿಂತಿತು, ನಾನು ಬ್ರೇಕ್ ಒತ್ತಿದೆ, ಗಾಡಿ ನಿಲ್ಲುವ ಮನಸ್ಸೇ ಇಲ್ಲದ ಹಾಗೆ ಜಾರುತ್ತಾ ಹೋಗಿ ಬಸ್ಸಿಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಆ ಸೆಟ್ಟನ್ನು ಅರ್ಧ ಬೆಲೆಗೆ ಮಾರಿದೆ.

ನಿಮಗೆ ನಾನು ಹೇಳುವುದು ಎಟಿ, ಅಂದರೆ ಆಲ್ ಟೆರೇನ್. ಅದರಲ್ಲೂ ರಸ್ತೆಯ ಕಡೆ ವಾಲಿರುವ ಮಾದರಿ, ಬಟನ್ ಒತ್ತೊತ್ತಾಗಿದ್ದು ಮೇಲೆ ಸಣ್ಣ ಸೀಳುಗಳು ಜಾಸ್ತಿ ಇರುವಂಥದ್ದು. ಎಚ್‌ಟಿಗಿಂತ ಸ್ವಲ್ಪ ಸದ್ದು ಜಾಸ್ತಿ, ಮೈಲೇಜ್ ಸ್ವಲ್ಪ ಕಮ್ಮಿ, ಅದು ಒಪ್ಪಿಕೊಳ್ಳಬೇಕಾದ ಬಾಡಿಗೆ. ತೋಟದ ನಾಲ್ಕು ಕಿಲೋಮೀಟರಿಗೆ ಜುಲೈ ತಿಂಗಳಲ್ಲೂ ಎಟಿ, ಫೋರ್ ಬೈ ಫೋರ್ ಲೋ ಗೇರ್, ಕಾಲಲ್ಲಿ ಸ್ವಲ್ಪ ತಾಳ್ಮೆ ಇದ್ದರೆ ಬಹುತೇಕ ಸಾಕು. ದಾರಿ ತೀರಾ ಹದಗೆಟ್ಟಿದ್ದರೆ ಗಾಳಿ ಒಂದಷ್ಟು ಇಳಿಸಿ, 20, 22 ಪಿಎಸ್‌ಐಗೆ. ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ನಿಧಾನವಾಗಿ ಓಡಿಸಿ, ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಅದಕ್ಕೆ ಗಾಡಿಯಲ್ಲಿ ಸಣ್ಣ ಪಂಪು ಇರಲೇಬೇಕು. ಇಳಿಸಿದ ಗಾಳಿಯಲ್ಲೇ ಹಾಸನದವರೆಗೆ ಬಂದರೆ ಟೈರ್ ಒಳಗೊಳಗೇ ಕಾದು ಹಾಳಾಗುತ್ತದೆ.

ಇನ್ನು ಮನಾಲಿ. ಟೈರಿನ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಅಂತ ಬರೆದಿರುತ್ತದೆ, ಮಡ್ ಮತ್ತು ಸ್ನೋ ಅಂತ ಅರ್ಥ. ಅದನ್ನು ತೋರಿಸಿ ‘ನೋಡಿ ಸಾರ್, ಹಿಮಕ್ಕೂ ಆಗುತ್ತೆ’ ಅನ್ನುತ್ತಾರೆ. ಅದು ಬರೀ ಬಟನ್‌ಗಳ ವಿನ್ಯಾಸ ನೋಡಿ ಕಂಪನಿಯೇ ಒತ್ತುವ ಗುರುತು. ಹಿಮದ ಮೇಲೆ ಪರೀಕ್ಷೆ ಮಾಡಿದ ಟೈರಿಗೆ ಬೇರೆ ಗುರುತಿದೆ: ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಅದಿದ್ದರೆ ಒಳ್ಳೆಯದೇ. ಆದರೆ ಆ ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಗಟ್ಟಿಯಾಗಿ ಕೂತ ಹಿಮದ ಮೇಲೆ ಗಾಡಿ ಮುಂದಕ್ಕೆ ಎಳೆಯುತ್ತದಾ ಅಂತ, ಮಂಜುಗಡ್ಡೆಯ ಮೇಲೆ ನಿಲ್ಲುತ್ತದಾ ಅಂತ ಅಲ್ಲ. ಮನಾಲಿ ಕಡೆ ಬೆಳಿಗ್ಗೆ ಹೊತ್ತು ರಸ್ತೆಯ ಮೇಲೆ ಗಾಜಿನ ಹಾಗೆ ತೆಳ್ಳಗೆ ಹೆಪ್ಪುಗಟ್ಟಿರುತ್ತದಲ್ಲ, ಅದರ ಮೇಲೆ ಎಟಿ, ಎಂಟಿ, ಎಚ್‌ಟಿ ಎಲ್ಲವೂ ಜಾರುವವೇ. ಫೋರ್ ಬೈ ಫೋರ್ ಇರುವುದು ಹೊರಡಿಸಲು, ನಿಲ್ಲಿಸಲು ಅಲ್ಲ.

ಅಲ್ಲಿ ಕೆಲಸಕ್ಕೆ ಬರುವುದು ಹಿಮದ ಸರಪಳಿ, ಸ್ನೋ ಚೈನ್. ನಿಮ್ಮ ಟೈರ್ ಅಳತೆಗೆ ಸರಿಯಾದ್ದು ತಗೊಳ್ಳಿ. ಯಾವ ಚಕ್ರಕ್ಕೆ ಕಟ್ಟಬೇಕು ಅಂತ ಗಾಡಿಯ ಕೈಪಿಡಿ ನೋಡಿ, ಇಲ್ಲೇ ಮನೆ ಮುಂದೆ ಒಂದು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಬೀದಿಯವರು ನಕ್ಕರೆ ನಗಲಿ, ಅಲ್ಲಿ ಮರಗಟ್ಟಿದ ಬೆರಳಲ್ಲಿ ಮೊದಲ ಸಲ ಕಲಿಯುವುದು ಬೇಡ. ಸರಪಳಿ ಇದ್ದಾಗ 30 ಕಿಲೋಮೀಟರ್ ವೇಗ ಸಾಕು, ಟಾರು ಕಂಡ ಕೂಡಲೇ ಬಿಚ್ಚಿ. ಹಿಮ ಬಿದ್ದಿದೆ, ಗಾಡಿ ಮುಂದೆ ಬಿಡುವುದಿಲ್ಲ ಅಂತ ಪೊಲೀಸರು ಹೇಳಿದರೆ ವಾದ ಮಾಡದೆ ತಿರುಗಿಸಿ. ಅಟಲ್ ಸುರಂಗ ಇರುವುದು 3,000 ಮೀಟರಿಗೂ ಮೇಲೆ, ಈ ಕಡೆ ಬಿಸಿಲಿದ್ದು ಒಂಬತ್ತು ಕಿಲೋಮೀಟರ್ ಆಚೆ ಹಿಮ ಸುರಿಯುತ್ತಿರಬಹುದು.

ಗಾಳಿಯ ಒತ್ತಡವೂ ಅಲ್ಲಿ ಬದಲಾಗುತ್ತದೆ. ತಾಪಮಾನ ಐದೂವರೆ ಡಿಗ್ರಿ ಇಳಿದಂತೆಲ್ಲ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಂಗಳೂರಿನ 28 ಡಿಗ್ರಿಯಲ್ಲಿ ತುಂಬಿಸಿದ್ದು ಅಲ್ಲಿಯ ಸೊನ್ನೆ ಡಿಗ್ರಿಯಲ್ಲಿ ಐದರಷ್ಟು ಕಮ್ಮಿ. ಎತ್ತರಕ್ಕೆ ಹೋದಾಗ ಹೊರಗಿನ ಗಾಳಿ ತೆಳುವಾಗುವುದರಿಂದ ಗೇಜು ಸ್ವಲ್ಪ ಜಾಸ್ತಿಯೂ ತೋರಿಸುತ್ತದೆ. ಲೆಕ್ಕ ಬೇಡ, ಅಲ್ಲಿ ಬೆಳಿಗ್ಗೆ ಹೊರಡುವ ಮುಂಚೆ ಅಳೆದು ನೋಡಿ. ಹಾಗೇ ಟೈರಿಗೆ ಸಂಬಂಧವಿಲ್ಲದ ಒಂದು ಮಾತು: ಸಾಮಾನ್ಯ ಡೀಸೆಲ್ ಕಡು ಚಳಿಯಲ್ಲಿ ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ಟ್ಯಾಂಕಲ್ಲಿ ದಕ್ಷಿಣದ ಡೀಸೆಲ್ ಇಟ್ಟುಕೊಂಡು ಮೇಲೆ ಹತ್ತಬೇಡಿ, ಅಲ್ಲಿಯದನ್ನೇ ತುಂಬಿಸಿ. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಹೊರಡುವ ಮೊದಲೇ ಕೂಲಂಟ್ ಹಾಕಿಸಿ.

ಪ್ರಶ್ನೆ: ಅದೇ 245/70 ಆರ್16 ಅಳತೆಯ ಗಾಡಿ ನನ್ನದೂ. 265/70 ಹಾಕಿಸಿದರೆ ಗಾಡಿಗೆ ಗತ್ತು ಬರುತ್ತದೆ. ತೊಂದರೆ ಏನು?
— ಓದುಗರು, ಯಲಹಂಕ

ಉತ್ತರ: ಗತ್ತು ಬರುತ್ತದೆ, ನಿಜ. ಆದರೆ 245 ಅನ್ನುವುದು ಮಿಲಿಮೀಟರಿನಲ್ಲಿ ಅಗಲ, 70 ಅನ್ನುವುದು ಆ ಅಗಲದ ನೂರಕ್ಕೆ ಎಪ್ಪತ್ತು ಪಾಲು ಎತ್ತರದ ಪಕ್ಕದ ಗೋಡೆ, 16 ಇಂಚು ರಿಮ್ಮು. ಹಾಗಾಗಿ ಅಗಲ ಜಾಸ್ತಿ ಮಾಡಿದರೆ ಎತ್ತರವೂ ಏರುತ್ತದೆ. ಈಗಿನ ಟೈರಿನ ವ್ಯಾಸ ಸುಮಾರು 749 ಮಿಲಿಮೀಟರ್, 265ರದ್ದು 777. ನೂರಕ್ಕೆ ಸುಮಾರು 3.7ರಷ್ಟು ದೊಡ್ಡದು. ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆಗೂ ಜಾಸ್ತಿ ವೇಗದಲ್ಲಿರುತ್ತದೆ, ಮೈಸೂರು ಹೈವೇಯ ಕ್ಯಾಮೆರಾಕ್ಕೆ ಮೀಟರ್ ತೋರಿಸಿ ವಾದ ಮಾಡಲು ಆಗುವುದಿಲ್ಲ. ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಒಳಗೆ ಉಜ್ಜಬಹುದು, ಸ್ನೋ ಚೈನಿಗೆ ಜಾಗವೂ ಉಳಿಯುವುದಿಲ್ಲ. ಮೂರು ಪರ್ಸೆಂಟಿನ ಒಳಗೇ ಇರಿ: 255/70 ಆದರೆ ಎರಡಕ್ಕೂ ಕಮ್ಮಿ. ಅದಕ್ಕೂ ಮೊದಲು ಕೈಪಿಡಿಯಲ್ಲಿ ಕಂಪನಿ ಯಾವ ಯಾವ ಅಳತೆ ಒಪ್ಪಿದೆ ಅಂತ ನೋಡಿ.

ಅಳತೆಯ ಪಕ್ಕ 111ಎಸ್ ಅಂತಲೋ 107ಟಿ ಅಂತಲೋ ಇರುತ್ತದಲ್ಲ, ಅಂಗಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. 111 ಅಂದರೆ ಒಂದು ಟೈರ್ 1,090 ಕೆಜಿ ಹೊರುತ್ತದೆ, 107 ಅಂದರೆ 975. ಪಿಕಪ್ಪಿನಲ್ಲಿ ಮೂಟೆ ಹಾಕುವವರಿಗೆ ನಾಲ್ಕು ಟೈರ್ ಸೇರಿ 460 ಕೆಜಿ ವ್ಯತ್ಯಾಸ! ಗಾಡಿಯ ಜೊತೆ ಬಂದ ನಂಬರಿಗಿಂತ ಕೆಳಗೆ ಇಳಿಯಬೇಡಿ. ಕೊನೆಯ ಅಕ್ಷರ ವೇಗದ ಮಿತಿ, ಎಸ್ ಅಂದರೆ 180, ಟಿ ಅಂದರೆ 190. ನಮ್ಮ ಹಳ್ಳ, ಹಂಪ್‌ಗಳ ನಡುವೆ ಅದರ ಚಿಂತೆ ಬೇಡ.

ಪ್ರಶ್ನೆ: ತರಕಾರಿ ಸಾಗಿಸುವ ಸಣ್ಣ ಪಿಕಪ್ ಇದೆ. ಮಾಲೂರಿನಿಂದ ರಾತ್ರಿ ಹೊರಟು ಬೆಳಗಿನ ಜಾವ ಕಲಾಸಿಪಾಳ್ಯ. ಹೊಸ ಟೈರಿನ ಬದಲು ರಿಸೋಲ್ (ಸವೆದ ಟೈರಿನ ಮೇಲೆ ಹೊಸ ಗ್ರಿಪ್ ಪದರ ಅಂಟಿಸುವುದು) ಮಾಡಿಸಿದರೆ ದುಡ್ಡು ಉಳಿಯುತ್ತದೆ. ಮಾಡಿಸಬಹುದಾ?
— ಓದುಗರು, ಮಾಲೂರು

ಉತ್ತರ: ಹಿಂದಿನ ಚಕ್ರಕ್ಕೆ ಮಾಡಿಸಬಹುದು, ಒಳಗಿನ ಕೇಸಿಂಗ್ ಗಟ್ಟಿಯಾಗಿದ್ದರೆ, ಪಕ್ಕದಲ್ಲಿ ಉಬ್ಬು, ಸೀಳು ಇಲ್ಲದಿದ್ದರೆ, ಕೆಲಸ ಗೊತ್ತಿರುವವರ ಕೈಯಲ್ಲಿ. ಮುಂದಿನ ಚಕ್ರಕ್ಕೆ ಬೇಡವೇ ಬೇಡ. ಹಿಂದೆ ಸಿಪ್ಪೆ ಎದ್ದು ಹೋದರೆ ಗಾಡಿ ಪಕ್ಕಕ್ಕೆ ನಿಲ್ಲಿಸಬಹುದು, ಮುಂದೆ ಹೋದರೆ ಸ್ಟಿಯರಿಂಗೇ ಕೈ ಬಿಟ್ಟ ಹಾಗೆ. ಟೊಮೆಟೊ ಬೆಲೆ ಏರಿದ ದಿನ ನಾಲ್ಕು ಕ್ರೇಟ್ ಜಾಸ್ತಿ ಹಾಕುವುದು ನನಗೂ ಗೊತ್ತು, ಬೈಯುವುದಿಲ್ಲ. ಆದರೆ ಲೋಡ್ ಜಾಸ್ತಿ, ಗಾಳಿ ಕಮ್ಮಿ ಎರಡೂ ಸೇರಿದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಮಡಚಿ ಕಾಯುತ್ತದೆ, ಬ್ಲಾಸ್ಟ್ ಆಗುವುದು ಆ ಬಿಸಿಗೇ. ವಾರಕ್ಕೊಮ್ಮೆಯಾದರೂ ಗಾಳಿ ನೋಡಿ, ಟೈರ್ ತಣ್ಣಗಿರುವಾಗ, ಅಂದರೆ ಹೊರಡುವ ಮುಂಚೆ.

ಪ್ರಶ್ನೆ: ನಮ್ಮ ಎಸ್‌ಯುವಿ ಜಾಸ್ತಿ ನಿಂತೇ ಇರುತ್ತದೆ. ಏಳು ವರ್ಷ ಆಯಿತು, 22,000 ಕಿಲೋಮೀಟರ್ ಮಾತ್ರ. ಗ್ರಿಪ್ ಚೆನ್ನಾಗಿದೆ. ಆದರೂ ಟೈರ್ ಬದಲಾಯಿಸಿ ಅನ್ನುತ್ತಾರೆ. ಸುಮ್ನೆ ಮಾರುವುದಕ್ಕಾ?
— ಓದುಗರು, ಬನಶಂಕರಿ

ಉತ್ತರ: ಈ ಸಲ ಸುಮ್ನೆ ಅಲ್ಲ. ರಬ್ಬರಿಗೆ ವಯಸ್ಸಾಗುವುದು ಓಡಿದ್ದಕ್ಕೆ ಮಾತ್ರ ಅಲ್ಲ, ಬಿಸಿಲಲ್ಲಿ ನಿಂತಿದ್ದಕ್ಕೂ ಆಗುತ್ತದೆ. ಪಕ್ಕದ ಗೋಡೆಯ ಮೇಲೆ, ಗ್ರಿಪ್ಪಿನ ಸಂದಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಇದ್ದರೆ ಬದಲಾಯಿಸಿ. ಇಲ್ಲದಿದ್ದರೂ ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೋರಿಸಿ, ಹತ್ತು ದಾಟಿಸಲೇಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೈಸೂರು ಹೈವೇಗೆ ಆ ಟೈರಲ್ಲಿ ಹೋಗುತ್ತಿರಲಿಲ್ಲ, ಬನಶಂಕರಿಯಿಂದ ಗಾಂಧಿ ಬಜಾರಿಗೆ ಹೋಗುತ್ತಿದ್ದೆ.

ಹೊಸದು ಕೊಳ್ಳುವಾಗ ತಯಾರಾದ ದಿನ ನೋಡಿ. ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ: 2324 ಅಂದರೆ 2024ರ 23ನೇ ವಾರ. ಒಂದು ಅಂಗಡಿಯಲ್ಲಿ ನನಗೆ ‘ಸ್ಪೆಷಲ್ ಡಿಸ್ಕೌಂಟ್’ ಅಂತ ಕೊಟ್ಟ ಟೈರ್ ಮನೆಗೆ ಬಂದು ನೋಡಿದರೆ ನಾಲ್ಕು ವರ್ಷ ಹಳೆಯದು. ಬಿಲ್ಲಿನಲ್ಲಿ ಆ ನಂಬರ್ ಬರೆಸಿರಲಿಲ್ಲ, ಜಗಳ ಮಾಡಿಯೂ ಪ್ರಯೋಜನ ಆಗಲಿಲ್ಲ. ಈಗ ಜೆಸಿ ರಸ್ತೆಗೆ ಹೋದರೆ ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಟೈರ್ ಓದಿ, ನಂಬರ್ ಬಿಲ್ಲಿಗೆ ಹತ್ತಿಸಿದ ಮೇಲೇ ದುಡ್ಡು ಕೊಡುವುದು.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಒಳ್ಳೆಯದಾ?
— ಓದುಗರು, ಕೆ.ಆರ್. ಪುರ

ಉತ್ತರ: ನೀವು ಈಗ ಉಸಿರಾಡುತ್ತಿರುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಪ್ರಶ್ನೆ: ಎರಡೇ ಟೈರಿಗೆ ದುಡ್ಡಿದೆ. ಹೊಸವನ್ನು ಮುಂದೆ ಹಾಕಿಸಲಾ, ಹಿಂದೆಯಾ?
— ಓದುಗರು, ದಾಸರಹಳ್ಳಿ

ಉತ್ತರ: ಹಿಂದೆ. ಪಂಚರ್ ಅಂಗಡಿಯವರು ಮುಂದೆ ಅನ್ನುತ್ತಾರೆ, ಕೇಳಬೇಡಿ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲೆತ್ತಿ ಸುಧಾರಿಸಬಹುದು. ಹಿಂದಿನದು ಜಾರಿದರೆ ಬುಗುರಿಯಂತೆ ತಿರುಗುತ್ತದೆ. ನಿಮ್ಮದು ಫೋರ್ ಬೈ ಫೋರ್ ಆಗಿದ್ದರೆ ಮಾತ್ರ ಇನ್ನೆರಡು ತಿಂಗಳು ದುಡ್ಡು ಕೂಡಿಸಿ ನಾಲ್ಕೂ ಒಟ್ಟಿಗೆ ಹಾಕಿಸಿ. ಮುಂದೆ ಹಿಂದೆ ಸುತ್ತಳತೆ ಬೇರೆಯಾದರೆ ಗೇರ್, ಡಿಫರೆನ್ಷಿಯಲ್ ಒಂದಕ್ಕೊಂದು ಎಳೆದಾಡಿ ಸವೆಯುತ್ತವೆ, ಆ ರಿಪೇರಿ ಬಿಲ್ಲಿನಲ್ಲಿ ಎರಡು ಸೆಟ್ ಟೈರ್ ಬರಬಹುದು. ಗ್ರಿಪ್ ನಡುವೆ ಸಣ್ಣ ದಿಬ್ಬದಂಥ ಗುರುತು ಇದೆಯಲ್ಲ, 1.6 ಮಿಲಿಮೀಟರಿನದು, ರಬ್ಬರ್ ಅದರ ಮಟ್ಟಕ್ಕೆ ಬಂದಿದ್ದರೆ ಆ ಎರಡು ತಿಂಗಳೂ ಕಾಯಬೇಡಿ, ಬಸ್ಸಿನಲ್ಲಿ ಓಡಾಡಿ.