ಸಂಸ್ಕೃತದ ಮೇಷ್ಟ್ರು ಸಸ್ಯೂರ್

ಪ್ರಶ್ನೆ: ಸ್ವಿಸ್ ಭಾಷಾವಿಜ್ಞಾನಿ ಸಸ್ಯೂರ್ ಸಂಸ್ಕೃತ ಕಲಿಸುತ್ತಿದ್ದರಂತೆ, ನಿಜವೇ? ನಮ್ಮ ಎಂ.ಎ. ಪಾಠದಲ್ಲಿ 'ಸೂಚಕ, ಸೂಚಿತ' (ಪದದ ಸದ್ದು, ಅದು ಹೇಳುವ ಅರ್ಥ) ಬಿಟ್ಟು ಬೇರೇನೂ ಹೇಳಲಿಲ್ಲ.

ಉತ್ತರ: ನಿಜ. ಹೊಟ್ಟೆಪಾಡೇ ಅದು ಅನ್ನಿ! 1880ರಲ್ಲಿ ಲೈಪ್‌ಜಿಗ್‌ನಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಸಂಸ್ಕೃತದ ಸತಿ ಷಷ್ಠಿ ಪ್ರಯೋಗದ ಮೇಲೆ, ಅಂದರೆ 'ಅವನು ನೋಡುತ್ತಿರುವಾಗ' ಎನ್ನುವಂಥದ್ದನ್ನು ಷಷ್ಠಿ ವಿಭಕ್ತಿಯಲ್ಲಿ ಹೇಳುವ ಬಗೆ. ಆಮೇಲೆ ಪ್ಯಾರಿಸ್‌ನಲ್ಲಿ ಹತ್ತು ವರ್ಷ ಪಾಠ, 1891ರಿಂದ ಜಿನೀವಾದಲ್ಲಿ ಸಂಸ್ಕೃತ ಮತ್ತು ಇಂಡೋ-ಯುರೋಪಿಯನ್ ಭಾಷೆಗಳ (ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲ ಸೇರಿದ ಬಳಗ) ಹೋಲಿಕೆ. ನೀವು ಓದಿದ ಸೂಚಕ, ಸೂಚಿತ ಎಲ್ಲ 1907ರಿಂದ 1911ರ ನಡುವೆ ಮೂರು ಸಲ ಮಾಡಿದ ಪಾಠದ್ದು, ಅದೂ ಅವರು ತೀರಿಕೊಂಡ ಮೇಲೆ ಬೇರೆಯವರು ಪುಸ್ತಕ ಮಾಡಿದ್ದು.

ನನಗೆ ಜಾಸ್ತಿ ಇಷ್ಟ ಅವರ 21ನೇ ವಯಸ್ಸಿನ ಕೆಲಸ. ಇನ್ನೂ ವಿದ್ಯಾರ್ಥಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಸ್ವರಗಳನ್ನು ಪಕ್ಕಪಕ್ಕ ಇಟ್ಟು, ಲೆಕ್ಕ ಕೂಡಬೇಕಾದರೆ ಇವೆಲ್ಲ ಹುಟ್ಟಿದ ಮೂಲಭಾಷೆಯಲ್ಲಿ ಇನ್ನೆರಡು ಧ್ವನಿ ಇದ್ದಿರಲೇಬೇಕು, ಅವು ಕಳೆದುಹೋಗಿವೆ ಅಂದುಬಿಟ್ಟರು. ಹೆಚ್ಚಿನವರು ಒಪ್ಪಲಿಲ್ಲ. ಒಪ್ಪೋದು ಹೇಗೆ, ಕಿವಿಗೆ ಬೀಳದ ಸದ್ದು ಅಲ್ವಾ? ಆಮೇಲೆ ಟರ್ಕಿಯ ಮಣ್ಣಿನ ಹಲಗೆಗಳಲ್ಲಿದ್ದ ಹಿಟೈಟ್ ಎಂಬ ಹಳೆಯ ಭಾಷೆಯೂ ಇದೇ ಬಳಗದ್ದು ಎಂದು 1915ರಲ್ಲಿ ಭಾಷಾತಜ್ಞ ಹ್ರೋಜ್ನಿ ತೋರಿಸಿದರು. 1927ರಲ್ಲಿ ಇನ್ನೊಬ್ಬ ಭಾಷಾತಜ್ಞ ಕುರಿಲೋವಿಚ್ ನೋಡುತ್ತಾರೆ, ಸಸ್ಯೂರ್ ಹೇಳಿದ ಕಡೆಯಲ್ಲೇ ಎಷ್ಟೋ ಪದಗಳಲ್ಲಿ 'ಹ್' ಥರದ ಅಕ್ಷರ ಕೂತಿದೆ! ಸಸ್ಯೂರ್ ಮಾತ್ರ 1913ರಲ್ಲೇ ಹೋಗಿಬಿಟ್ಟಿದ್ದರು.