ಹಳೆಯ ರೋಲ್ಸ್ ರಾಯ್ಸ್ ಕಾರಿನ ಬಾಡಿ ಕಟ್ಟಿದವರು ಯಾರು, ಯಾವ ಕೆಲಸಕ್ಕೆ ಎಂದು ತಿಳಿಯುವುದು ಹೇಗೆ?

ಮೈಸೂರಿನ ಬಂಗಲೆಯೊಂದರಲ್ಲಿರುವ 1930ರ ದಶಕದ ಕಾರಿನ ಬಗ್ಗೆ ಕೇಳಿದ್ದೀರಿ. ಮೊದಲು ಚಾಸಿ ಸಂಖ್ಯೆ ಬರೆದುಕೊಳ್ಳಿ. ಬಾಡಿ ಕಟ್ಟಿದವರ ಹೆಸರು ಸಿಗುವುದು ಅದರಿಂದಲೇ. ರೇಡಿಯೇಟರ್ ಮೇಲಿನ ಲಾಂಛನದಿಂದಲ್ಲ.

ಎರಡನೆಯ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿ ಎಂಜಿನ್ ಸಹಿತ ಚಾಸಿಯನ್ನಷ್ಟೇ ಮಾರುತ್ತಿತ್ತು. ಇಂದು ಲಾರಿಯ ಚಾಸಿ ತಂದು ಬಾಡಿ ಕಟ್ಟಿಸುವುದಿಲ್ಲವೇ, ಹಾಗೆಯೇ. ಬಾರ್ಕರ್, ಹೂಪರ್‌ನಂತಹ ಕೋಚ್‌ಬಿಲ್ಡರ್‌ಗಳು, ಅಂದರೆ ಹಿಂದೆ ಕುದುರೆಗಾಡಿ ಕಟ್ಟುತ್ತಿದ್ದವರು, ಮರದ ಚೌಕಟ್ಟಿಗೆ ಲೋಹದ ತಗಡು ಹೊದಿಸಿ ಉಳಿದದ್ದನ್ನು ಮುಗಿಸುತ್ತಿದ್ದರು. ಯಾವ ಚಾಸಿ ಯಾರಿಗಾಗಿ, ಯಾವ ಬಾಡಿಗಾಗಿ ಹೋಯಿತೆಂದು ಕಂಪನಿ ಬರೆದಿಡುತ್ತಿತ್ತು. ಆ ದಾಖಲೆಗಳು ಈಗ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ಬಿನ ಬಳಿ ಇವೆ.

ಆದರೆ ದಾಖಲೆಯಲ್ಲಿರುವ ಬಾಡಿಯೇ ಈಗಲೂ ಇದೆಯೆಂದು ನಂಬಬೇಡಿ. ಎಷ್ಟೋ ಕಾರುಗಳಿಗೆ ಆಮೇಲೆ ಹೊಸ ಬಾಡಿ ಕೂರಿಸಲಾಗಿದೆ. ಬಾಗಿಲ ಹೊಸ್ತಿಲಿನಲ್ಲಿ ಬಾಡಿ ಕಟ್ಟಿದವರ ಹೆಸರಿರುವ ಫಲಕವನ್ನೂ ಯಾರಾದರೂ ಬದಲಿಸಬಹುದು. ನಾನು ಹೆಚ್ಚು ನಂಬುವುದು ಮರವನ್ನು: ಸೀಟಿನ ಕೆಳಗಿನ ಹಲಗೆ, ಬಾಗಿಲ ಪಟ್ಟಿಗಳ ಹಿಂಬದಿಯಲ್ಲಿ ಬಾಡಿ ಸಂಖ್ಯೆ ಒತ್ತಿರಬಹುದು. ದಯವಿಟ್ಟು ಅಲ್ಲಿಗೆ ಉಜ್ಜುಕಾಗದ ಮುಟ್ಟಿಸಬೇಡಿ, ಅಳಿಸಿದ ಗುರುತು ಮತ್ತೆ ಬಾರದು.

ಉದ್ದೇಶವನ್ನು ವಿನ್ಯಾಸವೇ ಹೇಳುತ್ತದೆ. ಚಾಲಕನ ಹಿಂದೆ ಗಾಜಿನ ತಡೆ ಇದ್ದರೆ ಕಾರಿನ ಮಾಲೀಕರು ಹಿಂದೆ ಕೂರುತ್ತಿದ್ದ ಕಾರು. ಹಿಂಬದಿಯ ಮಾಡು ಮಾತ್ರ ಮಡಚುವಂತಿದ್ದರೆ, ಕುಳಿತವರು ಜನರಿಗೆ ಕಾಣಲೆಂದು. ಬಂದೂಕಿನ ಗೂಡು, ದೊಡ್ಡ ಹುಡುಕುದೀಪ ಇದ್ದರೆ ಶಿಕಾರಿಗೆ. ಕಣ್ಣಾರೆ ಹೋಲಿಸಿ ನೋಡಲು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ.