ಹೆಣ ಎಬ್ಬಿಸುವ ವಿದ್ಯೆಯನ್ನು ಒಂದು ರಾಜ್ಯ ಯಾಕೆ ನಿಷೇಧಿಸುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಬರೆಯುತ್ತಿರುವ ಕಾದಂಬರಿಯ ರಾಜ್ಯದಲ್ಲಿ ಬೀದಿಗೊಬ್ಬ ಮಾಂತ್ರಿಕ ಇದ್ದಾನೆ. ಬೆಂಕಿ ಉಗುಳುವವರು, ಮಳೆ ತರಿಸುವವರು, ಎಲ್ಲರಿಗೂ ಲೈಸೆನ್ಸ್ ಇದೆ. ಸತ್ತವರನ್ನು ಎಬ್ಬಿಸಿದವರಿಗೆ ಮಾತ್ರ ಮರಣದಂಡನೆ. 'ಜನಕ್ಕೆ ಅಸಹ್ಯ, ಅದಕ್ಕೇ ನಿಷೇಧ' ಅಂತ ಬರೆದಿದ್ದೀರಿ. ಆದರೆ ಅದು ನಿಮಗೇ ಸಪ್ಪೆ ಅನಿಸುತ್ತಿದೆ, ಗಟ್ಟಿ ಕಾರಣ ಬೇಕು ಅಂತೀರಿ.

ಹೌದು, ಸಪ್ಪೆಯೇ. ಅಸಹ್ಯವಾದರೆ ಜನ ಮೂಗು ಮುಚ್ಚಿಕೊಂಡು ಆಚೆ ದಾರಿ ಹಿಡಿಯುತ್ತಾರೆ ಅಷ್ಟೆ. ಕೂತು ಕಾನೂನು ಬರೆಯುವಷ್ಟು ತಲೆನೋವು ಶುರುವಾಗುವುದು ಹೆಣಕ್ಕೆ ರೇಟು ಬಂದಾಗ.

ಇದು ನನಗೆ ಗೊತ್ತಾಗಿದ್ದು ಆಟದಲ್ಲಿ. ಭಾನುವಾರ ಸಂಜೆ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು, ದಾಳ ಹಾಕಿ ಕಥೆ ಆಡಿಸುತ್ತೇನೆ. ಅದರಲ್ಲಿ ಒಬ್ಬ ಮಂಡ್ಯ ಕಡೆಯವನು. ಅವನ ಪಾತ್ರಕ್ಕೆ ಹೆಣ ಎಬ್ಬಿಸುವ ಶಕ್ತಿ ಬಂದದ್ದೇ ತಡ, ಯುದ್ಧಗಿದ್ಧ ಎಲ್ಲ ಬಿಟ್ಟು ಹಳೇ ಸ್ಮಶಾನಕ್ಕೆ ಹೋಗಿ ಮೂವತ್ತು ಅಸ್ಥಿಪಂಜರ ಎಬ್ಬಿಸಿದ. ಗದ್ದೆಗಿಳಿಸಿ ನಾಟಿ ಮಾಡಿಸಿದ. 'ಕೂಲಿಗೆ ಆಳೇ ಸಿಗಲ್ಲ ಗುರು, ಇವಕ್ಕೆ ಊಟಾನೂ ಬೇಡ, ಅಡ್ವಾನ್ಸೂ ಬೇಡ' ಅಂದ. ಎರಡು ವಾರದಲ್ಲಿ ನನ್ನ ಕಥೆಯ ಊರಿನ ಕೂಲಿಕಾರರೆಲ್ಲ ಕೆಲಸ ಇಲ್ಲದೆ ಕೂತರು. ಮೂರನೇ ವಾರ ಅವನು ಕೇಳಿದ, 'ಊರಲ್ಲಿ ಜ್ವರ ಬಂದವರು ಯಾರಾದ್ರೂ ಇದ್ದಾರಾ?'

ನಗು ಬಂತು. ಆಮೇಲೆ ಮೈ ಜುಮ್ಮೆಂದಿತು. ನಿಮ್ಮ ರಾಜ್ಯದ ಕಾನೂನು ಹುಟ್ಟಬೇಕಾದದ್ದು ಆ ಪ್ರಶ್ನೆಯಿಂದ.

ಇದು ಕಟ್ಟುಕಥೆಯಲ್ಲಿ ಮಾತ್ರ ಆಗುವುದಲ್ಲ. 1827ರ ನವೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ವಿಲಿಯಂ ಹೇರ್ ಎಂಬವನ ವಠಾರದಲ್ಲಿ ಬಾಡಿಗೆಗಿದ್ದ ಮುದುಕನೊಬ್ಬ ಕಾಯಿಲೆಯಿಂದ ಸತ್ತ. 4 ಪೌಂಡ್ ಬಾಕಿ ಉಳಿಸಿ ಹೋದ. ಹೇರ್ ಮತ್ತು ಅವನ ಗೆಳೆಯ ವಿಲಿಯಂ ಬರ್ಕ್ ಸೇರಿ ಶವಪೆಟ್ಟಿಗೆಯಿಂದ ಹೆಣ ತೆಗೆದರು, ಅದರ ಜಾಗದಲ್ಲಿ ಮರದ ತೊಗಟೆ ತುಂಬಿ ಮಣ್ಣಿಗೆ ಕಳಿಸಿದರು. ಹೆಣವನ್ನು ದೇಹ ಕುಯ್ದು ಪಾಠ ಹೇಳುತ್ತಿದ್ದ ಡಾಕ್ಟರ್ ರಾಬರ್ಟ್ ನಾಕ್ಸ್ ಕಡೆಯವರಿಗೆ ಮಾರಿದರು. 7 ಪೌಂಡ್ 10 ಶಿಲಿಂಗ್ ಬಂತು. ಬಾಕಿ ಚುಕ್ತಾ ಆಗಿ ಮೇಲೆ ಲಾಭ. ಇಲ್ಲಿಯವರೆಗೆ ಯಾರ ಜೀವಕ್ಕೂ ಕುತ್ತು ಬಂದಿರಲಿಲ್ಲ.

ಆದರೆ ಮುಂದಿನವರು ತಾವಾಗಿ ಸಾಯಲಿ ಅಂತ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಒಂದು ವರ್ಷ ತುಂಬುವುದರೊಳಗೆ 16 ಜನರನ್ನು ಕೊಂದರು. ಚೆನ್ನಾಗಿ ಕುಡಿಸುವುದು, ಉಸಿರು ಕಟ್ಟಿಸುವುದು. ಗಾಯದ ಗುರುತು ಕಾಣಬಾರದಲ್ಲ. ಸತ್ತವರು ಹೆಚ್ಚಾಗಿ ಬಡವರು, ದಿಕ್ಕಿಲ್ಲದವರು, ನಾಳೆ ಕಾಣದಿದ್ದರೆ ಯಾರೂ ಹುಡುಕದವರು. ಹೇರ್ ಸಾಕ್ಷಿ ಹೇಳಿ ಪಾರಾದ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿದರು. ಆಮೇಲೆ ಅವನ ಹೆಣವನ್ನೂ ಕುಯ್ದು ಪಾಠ ಮಾಡಿದರು. ಅವನ ಅಸ್ಥಿಪಂಜರ ಅಲ್ಲಿನ ಮೆಡಿಕಲ್ ಕಾಲೇಜಿನ ಮ್ಯೂಸಿಯಂನಲ್ಲಿ ಇವತ್ತಿಗೂ ನಿಂತಿದೆ.

ಆ ಕಾಲದ ಸ್ಕಾಟ್ಲೆಂಡಿನಲ್ಲಿ ಸಮಾಧಿಯ ಮೇಲೆ ಕಬ್ಬಿಣದ ಪಂಜರ ಕೂರಿಸುತ್ತಿದ್ದರು. ಫೋಟೋ ನೋಡಿದರೆ ಒಳಗಿರುವವನು ಎದ್ದು ಬಾರದಿರಲಿ ಅಂತ ಹಾಕಿದ ಹಾಗೆ ಕಾಣುತ್ತದೆ. ಅಲ್ಲ, ಹೊರಗಿರುವವರು ಒಳಗಿಳಿಯದಿರಲಿ ಅಂತ. ಪಂಜರ ಬಾಡಿಗೆಗೂ ಸಿಗುತ್ತಿತ್ತು. ಹೆಣ ಕೊಳೆತು ಮಾರಾಟಕ್ಕೆ ಬಾರದ ಹಾಗಾದ ಮೇಲೆ ಬಿಚ್ಚಿ ಇನ್ನೊಂದು ಸಮಾಧಿಗೆ ಹಾಕುವುದು. ನಿಮ್ಮ ಲೋಕದಲ್ಲಿ ಆ ಅನುಕೂಲವೂ ಇಲ್ಲ ನೋಡಿ. ಅಲ್ಲಿ ಬರೀ ಮೂಳೆಗೂ ಗಿರಾಕಿ ಇದ್ದಾನೆ. ತಾತನ ಸಮಾಧಿಗೆ ಮೊಮ್ಮಗ ಕಾವಲು, ಮೊಮ್ಮಗನ ಸಮಾಧಿಗೆ ಅವನ ಮೊಮ್ಮಗ ಕಾವಲು! ಇದನ್ನೇ ಹಿಡಿದರೂ ನಿಮಗೆ ಒಂದು ಅಧ್ಯಾಯ ಸಿಗುತ್ತದೆ. ಬಡವರು ತಮ್ಮವರನ್ನು ಸುಟ್ಟು ಬೂದಿ ಮಾಡಿ ನದಿಗೆ ಬಿಡುತ್ತಾರೆ, ಅದು ಧರ್ಮ ಅಂತಲ್ಲ, ಕಾವಲುಗಾರನಿಗೆ ಕೊಡಲು ದುಡ್ಡಿಲ್ಲ ಅಂತ.

ಕಾನೂನಿನ ವಿಷಯಕ್ಕೆ ಬಂದರೆ ಇನ್ನೂ ತಮಾಷೆ ಇದೆ. ಇಂಗ್ಲೆಂಡಿನಲ್ಲಿ 1604ರ ಮಾಟದ ಕಾಯ್ದೆ ಪ್ರಕಾರ, ಮಾಟ ಮಾಡಲಿಕ್ಕೆಂದು ಸಮಾಧಿಯಿಂದ ಹೆಣವನ್ನೋ ಅದರ ಚರ್ಮ, ಮೂಳೆಯನ್ನೋ ತೆಗೆದರೆ ಮರಣದಂಡನೆ. 1736ರಲ್ಲಿ ಅದು ಹೋಯಿತು. ಆಮೇಲೆ ಹೆಣ ಕದ್ದರೆ? ಹೆಣ ಯಾರ ಸ್ವತ್ತೂ ಅಲ್ಲ, ಆದ್ದರಿಂದ ಅದನ್ನು ಒಯ್ದರೆ ಕಳ್ಳತನವೇ ಅಲ್ಲ ಅನ್ನುವುದು ಅಲ್ಲಿನ ಕೋರ್ಟುಗಳ ನಿಲುವು. ಸಣ್ಣ ಅಪರಾಧ, ಸಣ್ಣ ಶಿಕ್ಷೆ. ಹೆಣಕ್ಕೆ ಸುತ್ತಿದ ಬಟ್ಟೆ ಕದ್ದರೆ ಮಾತ್ರ ಪಕ್ಕಾ ಕಳ್ಳತನ. ಅದಕ್ಕೇ ಹೆಣಗಳ್ಳರು ಬಟ್ಟೆ ಬಿಚ್ಚಿ ಗುಂಡಿಯೊಳಗೇ ಬಿಟ್ಟು ಬರುತ್ತಿದ್ದರು. ನಿಮ್ಮ ಕಾದಂಬರಿಯಲ್ಲೂ ಇಂಥ ಒಂದು ಸಂದು ಇಡಿ. ಓದುವವನು ನಂಬುತ್ತಾನೆ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಕೆರಿಬಿಯನ್ ಕಡಲಿನ ಹೈಟಿ ದೇಶದ್ದು.

ಜೊಂಬಿ ಅಂದರೆ ಈಗ ನಮಗೆ ಮಾಂಸ ಕಚ್ಚಲು ಓಡಿ ಬರುವ ಹೆಣ. ಹೈಟಿಯ ಜನರ ಜೊಂಬಿ ಯಾರನ್ನೂ ಕಚ್ಚುವುದಿಲ್ಲ. ಅದು ಸುಮ್ನೆ ದುಡಿಯುತ್ತದೆ. ಮಾಂತ್ರಿಕ ಸಮಾಧಿಯಿಂದ ಎಬ್ಬಿಸಿ ಹೊಲಕ್ಕೆ ಬಿಡುತ್ತಾನೆ, ಅದು ತಲೆ ತಗ್ಗಿಸಿ ಕಬ್ಬು ಕಡಿಯುತ್ತದೆ. ಆ ದೇಶ ಫ್ರೆಂಚರ ಕಬ್ಬಿನ ತೋಟಗಳ ನರಕ ಕಂಡಿದ್ದು. ಗುಲಾಮರೇ ಬಂಡೆದ್ದು 1804ರಲ್ಲಿ ಸ್ವತಂತ್ರವಾಯಿತು. ಗುಲಾಮನಿಗೆ ಸಾವೊಂದೇ ರಜೆ. ಸತ್ತ ಮೇಲೂ ತೋಟಕ್ಕೆ ಎಳೆದೊಯ್ಯುತ್ತಾರೆ ಅಂದರೆ ಅದಕ್ಕಿಂತ ದೊಡ್ಡ ಭಯ ಅವನಿಗೆ ಏನಿದ್ದೀತು?

ಅಲ್ಲಿನ ದಂಡ ಸಂಹಿತೆಯ 246ನೇ ಕಲಂಗೆ 1864ರಲ್ಲಿ ಒಂದು ಮಾತು ಸೇರಿತು. ಸಾಯದ ಹಾಗೆ, ಆದರೆ ಬಹಳ ಹೊತ್ತು ಮೈಮೇಲೆ ಎಚ್ಚರ ಇಲ್ಲದ ಹಾಗೆ ಮಾಡುವ ಮದ್ದು ಕೊಟ್ಟರೆ ಅದು ವಿಷ ಹಾಕಿದಂತೆ. ಆ ಸ್ಥಿತಿಯಲ್ಲಿ ಮನುಷ್ಯನನ್ನು ಹೂತುಬಿಟ್ಟರೆ, ಆಮೇಲೆ ಏನೇ ಆಗಲಿ, ಅದು ಕೊಲೆ. ಗಮನಿಸಿ, ಮಂತ್ರದ ಮಾತಿಲ್ಲ, ದೆವ್ವದ ಮಾತಿಲ್ಲ. ನಮ್ಮ ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯೂ ಹೀಗೆಯೇ, ದೆವ್ವ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ಹೋಗುವುದಿಲ್ಲ. ದೆವ್ವ ಬಿಡಿಸುತ್ತೇನೆ ಅಂತ ಹಗ್ಗ ಬಿಗಿದು ಹೊಡೆದರೆ ಹಿಡಿಯುತ್ತದೆ.

ಹೈಟಿಯ ನಂಬಿಕೆಯಲ್ಲಿ ಇನ್ನೊಂದಿದೆ. ಜೊಂಬಿಗೆ ಉಪ್ಪು ತಿನ್ನಿಸಬಾರದು. ತಿಂದರೆ ಅದಕ್ಕೆ ತಾನು ಸತ್ತವನೆಂಬ ಅರಿವು ಬಂದು, ಎದ್ದು ಸಮಾಧಿ ಕಡೆ ನಡೆಯುತ್ತದೆ. ನಮ್ಮಲ್ಲಿ ಉಪ್ಪಿನ ಋಣ ಅಂದರೆ ಒಡೆಯನಿಗೆ ಕಟ್ಟುಬೀಳುವುದು. ಅಲ್ಲಿ ಉಪ್ಪೇ ಬಿಡುಗಡೆ. ಇದನ್ನು ಓದಿದ ದಿನ ರಾತ್ರಿ ಊಟ ಮಾಡುವಾಗ ಉಪ್ಪಿನ ಡಬ್ಬಿಯನ್ನೇ ನೋಡುತ್ತಾ ಕೂತಿದ್ದೆ.

ಇನ್ನು ಸತ್ತವರನ್ನು ಎಬ್ಬಿಸಿ ಮಾತಾಡಿಸುವ ವಿಷಯ. ನೆಕ್ರೊಮ್ಯಾನ್ಸಿ ಎಂಬ ಗ್ರೀಕ್ ಮೂಲದ ಪದಕ್ಕೆ ಹುಟ್ಟರ್ಥವೇ ಅದು, ಹೆಣದ ಹತ್ತಿರ ಕಣಿ ಕೇಳುವುದು. ರಾಜರಿಗೆ ಇದು ಯಾಕಾಗದು ಅನ್ನುವುದು ಸುಲಭ. ಸತ್ತವನಿಗೆ ಅರಮನೆಯ ಭಯ ಇಲ್ಲ, ಬಾಯಿಗೆ ಬಂದದ್ದು ಹೇಳುತ್ತಾನೆ. ಕ್ರಿ.ಶ. 16ರಲ್ಲಿ ರೋಮಿನಲ್ಲಿ ಲಿಬೋ ಎಂಬ ದೊಡ್ಡ ಮನೆತನದ ಹುಡುಗ, ಮಂತ್ರ ಹಾಕಿ ಪ್ರೇತ ಎಬ್ಬಿಸಿಕೊಡು ಅಂತ ಒಬ್ಬನನ್ನು ಕೇಳಿದ. ಅವನು ಹೋಗಿ ಚಾಡಿ ಹೇಳಿದ. ಕೇಸು ರಾಜದ್ರೋಹದವರೆಗೆ ಹೋಯಿತು, ತೀರ್ಪಿಗೆ ಮುಂಚೆಯೇ ಲಿಬೋ ಪ್ರಾಣ ಕಳೆದುಕೊಂಡ. ಬೈಬಲಿನ ಸೌಲ ರಾಜನದು ಇನ್ನೂ ಚೆಂದದ ಕಥೆ. ಪ್ರೇತ ಮಾತಾಡಿಸುವವರನ್ನೆಲ್ಲ ದೇಶ ಬಿಟ್ಟು ಓಡಿಸಿದವನೇ ಅವನು. ಯುದ್ಧ ತಲೆ ಮೇಲೆ ಬಂದಾಗ ವೇಷ ಮರೆಸಿಕೊಂಡು ರಾತ್ರಿ ಅಂಥದೇ ಒಬ್ಬ ಹೆಂಗಸಿನ ಮನೆಗೆ ಹೋಗುತ್ತಾನೆ. ಎದ್ದು ಬಂದ ಸಮುವೇಲ ಹೇಳುವುದು, 'ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರ್ತೀರಿ' ಅಂತ. ಪಾಪ, ಆ ಹೆಂಗಸೇ ಕರು ಕೊಯ್ದು, ರೊಟ್ಟಿ ಸುಟ್ಟು ರಾಜನಿಗೆ ಉಣ್ಣಿಸಿ ಕಳಿಸುತ್ತಾಳೆ.

ಈಗ ನೀವು ಕೇಳಬಹುದು, ನನ್ನ ಜನ ಸತ್ತವರನ್ನು ಪ್ರೀತಿಸುವವರು, ಅವರು ಯಾಕೆ ನಿಷೇಧಿಸುತ್ತಾರೆ? ಪ್ರೀತಿ ಇದ್ದರೇ ಜಾಸ್ತಿ ನಿಷೇಧಿಸುತ್ತಾರೆ. ನಮ್ಮ ಮನೆಯದೇ ಹೇಳುತ್ತೇನೆ. ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡುತ್ತೇವೆ. ಮುದ್ದೆ, ಕೋಳಿ ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗುಲಿ ಮೇಲೆ ಕೂರುತ್ತೇವೆ. ಅವರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಬಾಗಿಲ ಹತ್ತಿರ ಹೋಗಿ ಎರಡು ಸಲ ಕೆಮ್ಮುತ್ತಾಳೆ. ಆಮೇಲೆಯೇ ತೆಗೆಯುವುದು. ಕರಾವಳಿ ಕಡೆ ತುಳುವರು ಮದುವೆಯಾಗದೆ ಸತ್ತ ಮಕ್ಕಳಿಗೆ ಆಟಿ ತಿಂಗಳಲ್ಲಿ ಗಂಡು ಹೆಣ್ಣು ಹುಡುಕಿ ಪ್ರೇತ ಮದುವೆ ಮಾಡುತ್ತಾರೆ. ಸತ್ತವರ ಜೊತೆ ಇಷ್ಟು ಬಳಕೆ ಇರುವ ಜನಕ್ಕೆ ಹೆಣ ಕಂಡರೆ ಅಸಹ್ಯ ಅಂತ ಹೇಗೆ ಬರೆಯುತ್ತೀರಿ? ಆದರೆ ಅಪ್ಪನನ್ನು ಯಾವನೋ ಕುತ್ತಿಗೆ ಹಿಡಿದು ಎಬ್ಬಿಸಿ ಕಲ್ಲು ಹೊರಿಸಿದ ಅಂತ ಗೊತ್ತಾದರೆ, ನನ್ನ ಅಮ್ಮ ಕಾನೂನಿಗೆ ಕಾಯುವವಳಲ್ಲ.

ಆದರೆ ಒಂದು ಎಚ್ಚರ. ನಿಷೇಧ ಅಂದ ಮಾತ್ರಕ್ಕೆ ಪೂರ್ತಿ ನಿಷೇಧ ಅಂತ ಬರೆಯಬೇಡಿ, ಅದು ಎಲ್ಲೂ ನಡೆದಿಲ್ಲ. ಎಡಿನ್‌ಬರೋ ಗಲಾಟೆ ಆದ ಮೇಲೆ ಬ್ರಿಟನ್ 1832ರಲ್ಲಿ ಕಾಯ್ದೆ ತಂದಿತು. ಹೆಣ ಕದಿಯುವ ದಂಧೆ ನಿಂತಿತು ನಿಜ. ಹೇಗೆ ನಿಂತಿತು? ಬಡವರ ಆಶ್ರಯ ಮನೆಗಳಲ್ಲಿ ಸತ್ತು, ಕೇಳುವವರು ಯಾರೂ ಬಾರದ ಹೆಣಗಳನ್ನು ಡಾಕ್ಟರರಿಗೆ ಕೊಡಬಹುದು ಅಂತ ಮಾಡಿದರು. ಕಳ್ಳರಿಂದ ಕೊಳ್ಳುತ್ತಿದ್ದದ್ದು ಸರ್ಕಾರದ ಬಾಗಿಲಲ್ಲೇ ಸಿಗತೊಡಗಿತು. ಅದಕ್ಕೂ ಮುಂಚೆ, 1752ರಿಂದ, ಕೊಲೆಗಾರರಿಗೆ ಗಲ್ಲಿನ ಜೊತೆ ದೇಹ ಕುಯ್ಯುವುದೂ ಶಿಕ್ಷೆಯ ಭಾಗವಾಗಿತ್ತು. ಈಗ ನಿಮ್ಮ ರಾಜನನ್ನು ಆ ಕುರ್ಚಿಯಲ್ಲಿ ಕೂರಿಸಿ. 'ಗಲ್ಲು, ನಂತರ ಹನ್ನೆರಡು ವರ್ಷ ಕಠಿಣ ದುಡಿಮೆ' ಅಂತ ತೀರ್ಪು ಬರುತ್ತದೆ. ಸಾಲ ತೀರಿಸದೆ ಸತ್ತವನ ಮೂಳೆ ಜಪ್ತಿ. ಅಣೆಕಟ್ಟು ಕಟ್ಟುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಹಳ್ಳಿಯ ಮಾಂತ್ರಿಕನಿಗೆ ಮಾತ್ರ ಮರಣದಂಡನೆ, ಅವನು ಅರಮನೆಯ ಗುತ್ತಿಗೆಗೆ ಕೈ ಹಾಕಿದನಲ್ಲ.

ಕೊನೆಗೆ ಆಸ್ತಿ. ನನ್ನ ಪ್ರಕಾರ ರೈತರ ರಾಜ್ಯದಲ್ಲಿ ಇದೊಂದೇ ಕಾರಣ ಸಾಕು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಲು ನಾನು ಕಚೇರಿಗೆ ಅಲೆದಿದ್ದೇನೆ. ಮರಣ ಪತ್ರ, ವಂಶವೃಕ್ಷ, ಪಹಣಿ, ಎಲ್ಲ ಇದ್ದೂ ಪ್ರತಿ ಸಲ 'ನಾಳೆ ಬನ್ನಿ'. ಇರುವ ಮನುಷ್ಯ ಕಾಗದದಲ್ಲಿ ಸತ್ತರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಪ್ರದೇಶದ ಅಜಂಗಢದ ಲಾಲ್ ಬಿಹಾರಿ ಇದ್ದಾರೆ. ಚಿಕ್ಕಪ್ಪ ಜಮೀನಿಗಾಗಿ ಅವರನ್ನು ದಾಖಲೆಯಲ್ಲಿ ಸಾಯಿಸಿದ್ದ. ಬದುಕಿದ್ದೇನೆ ಅಂತ ತೋರಿಸಲು ಹೆಸರಿನ ಜೊತೆ 'ಮೃತಕ್' ಅಂತ ಸೇರಿಸಿಕೊಂಡರು, ಚುನಾವಣೆಗೂ ನಿಂತರು. ಕಾಗದದಲ್ಲಿ ಮತ್ತೆ ಜೀವ ಬಂದದ್ದು 1994ರಲ್ಲಿ. ನಿಮ್ಮ ಲೋಕದಲ್ಲಿ ಇದು ತಿರುಗಾಮುರುಗಾ. ಭಾಗ ಆಗಿ, ಗೋಡೆ ಎದ್ದು, ಕಿರಿಯವನು ತನ್ನ ಪಾಲು ಮಾರಿಕೊಂಡ ಮೇಲೆ ತಾತ ಎದ್ದು ಬಂದರೆ ಜಮೀನು ಯಾರದು? ಹೆಂಡತಿ ಮತ್ತೆ ಮದುವೆಯಾಗಿದ್ದರೆ?

ನನಗಾದರೆ ಕಥೆ ಇಲ್ಲಿಂದಲೇ ಶುರು ಮಾಡುವ ಆಸೆ. ಕಚೇರಿಯ ಕಿಟಕಿ. ಮಗ ಅರ್ಜಿ ಹಿಡಿದು ನಿಂತಿದ್ದಾನೆ, ಹಿಂದೆ ಮಣ್ಣು ಮೆತ್ತಿದ ಅಪ್ಪ. ಗುಮಾಸ್ತ ಕನ್ನಡಕ ಏರಿಸಿ ಅಪ್ಪನನ್ನು ನೋಡುತ್ತಾನೆ, ರಿಜಿಸ್ಟರ್ ನೋಡುತ್ತಾನೆ, ಮತ್ತೆ ಅಪ್ಪನನ್ನು ನೋಡುತ್ತಾನೆ. 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅನ್ನುತ್ತಾನೆ. ತೊಂಬತ್ತರ ದಶಕದಲ್ಲಿ, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ, ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದದ್ದು ನೆನಪಿದೆಯಲ್ಲ? ಮಗ ಜಗಳಕ್ಕೆ ನಿಲ್ಲುತ್ತಾನೆ. ಅಪ್ಪ ಮಾತ್ರ ತೆಪ್ಪಗೆ ತಿರುಗಿ ಸ್ಮಶಾನದ ದಾರಿ ಹಿಡಿಯುತ್ತಾನೆ.